ಕಲ್ಲುಮಾಲೆ ಮತ್ತು ಕುಡುಗೋಲು: ಪೆರಿನಾಡು, 1915

ಕೊಲ್ಲಂ ಪಟ್ಟಣದಲ್ಲಿ ಪೀರಂಗಿ ಮೈದಾನ ಎಂದೊಂದು ಬಯಲು. ಪೀರಂಗಿ ಎಂದರೆ ನಮ್ಮ ಫಿರಂಗಿಯೇ. 1915ರ ಡಿಸೆಂಬರಿನಲ್ಲಿ ಅಲ್ಲೊಂದು ಸರ್ಕಸ್ ಡೇರೆ ಇತ್ತು. ಆ ತಿಂಗಳ ಒಂದು ದಿನ ಡೇರೆಯೊಳಗೆ ಸರ್ಕಸ್ ಬದಲು ಪುಲಯರ ಸಭೆ ನಡೆಯಿತು. ಪುಲಯರೆಂದರೆ ಗದ್ದೆಯಲ್ಲಿ ದುಡಿಯುತ್ತಿದ್ದ, ಅಸ್ಪೃಶ್ಯರೆನಿಸಿಕೊಂಡಿದ್ದ ಜಾತಿಯವರು. ಗಂಡಸರು, ಹೆಂಗಸರು ಸಾವಿರಗಟ್ಟಲೆ ಬಂದಿದ್ದರು. ಎರಡು ತಿಂಗಳ ಹಿಂದೆ ಇಂಥದೇ ಸಭೆಗೆ ಹೋದವರ ಮೇಲೆ ದೊಣ್ಣೆ ಬಿದ್ದಿತ್ತು, ಗುಡಿಸಲುಗಳು ಉರಿದಿದ್ದವು. ಹಾಗಾಗಿ ಈ ಸಲ ಕೆಲವರು ಕುಡುಗೋಲು ತಂದಿದ್ದರು. ವೇದಿಕೆಯ ಮೇಲೆ ಮೇಲ್ಜಾತಿಯ ನಾಯರ್ ಮುಖಂಡರೂ ಕೂತಿದ್ದರು. ಸಭೆ ಮುಗಿಯುವ ಹೊತ್ತಿಗೆ ಆ ಕುಡುಗೋಲುಗಳು ಯಾರ ಮೇಲೂ ಬೀಸಲಿಲ್ಲ. ಹೆಂಗಸರ ಕೊರಳಿನ ಕಲ್ಲುಮಾಲೆಗಳನ್ನು ಕತ್ತರಿಸಿದವು. ಕತ್ತರಿಸಿ ಎಸೆದ ಮಾಲೆಗಳು ವೇದಿಕೆಯ ಮೇಲೆ ಗುಡ್ಡೆಯಾದವು.

ಕೇರಳದ ಇತಿಹಾಸದಲ್ಲಿ ಇದಕ್ಕೆ ಕಲ್ಲುಮಾಲಾ ಸಮರ ಎನ್ನುತ್ತಾರೆ, ಕೊಲ್ಲಂ ಸೀಮೆಯ ಊರೊಂದರ ಹೆಸರಿನಿಂದ ಪೆರಿನಾಡು ದಂಗೆ ಎಂದೂ ಕರೆಯುತ್ತಾರೆ. ಎರಡೂ ಹೆಸರು ಒಂದೊಂದು ಅರ್ಧವನ್ನು ಹೇಳುತ್ತವೆ. ಒಂದು ಮಣಿಸರ ತೆಗೆದದ್ದಕ್ಕೆ ಊರುಗಳು ಯಾಕೆ ಹೊತ್ತಿ ಉರಿದವು, ಉರಿದ ಮೇಲೆ ಅದನ್ನು ಆರಿಸಿದವರು ಯಾರು, ಖರ್ಚು ಭರಿಸಿದವರು ಯಾರು ಎಂಬುದನ್ನು ಬಿಡಿಸಿ ನೋಡುವುದು ಈ ಬರಹದ ಉದ್ದೇಶ.

ಮೊದಲು ಆ ಸರದ ವಿಷಯ. ಕನ್ನಡದಲ್ಲಿ ಮಣಿಸರ ಎಂದರೆ ಒಡವೆ. ಕರಿಮಣಿ ಎಂದರಂತೂ ಮುತ್ತೈದೆತನ. ಕಲ್ಲುಮಾಲೆ ಎಂಬ ಪದ ನಮ್ಮ ಕಿವಿಗೆ ಚೆಂದವಾಗಿಯೇ ಕೇಳುತ್ತದೆ, ತೊಡಕು ಇರುವುದೂ ಅಲ್ಲೇ. ಕೊಲ್ಲಂ ಸೇರಿದ್ದ ತಿರುವಾಂಕೂರು ಸಂಸ್ಥಾನದಲ್ಲಿ ಪುಲಯ ಹೆಂಗಸು ಚಿನ್ನ ಬೆಳ್ಳಿ ತೊಡುವಂತಿರಲಿಲ್ಲ. ಸೊಂಟದ ಮೇಲೆ ಬಟ್ಟೆ ಹೊದೆಯುವಂತಿರಲಿಲ್ಲ. ಕೊರಳಿಂದ ಎದೆಯ ಮೇಲೆ ಇಳಿಬೀಳುವ ಕಲ್ಲಿನ, ಗಾಜಿನ ಮಣಿಗಳ ಸುತ್ತುಸುತ್ತು ಸರ ತೊಡಬೇಕಿತ್ತು, ಕಿವಿಗೆ ಕಬ್ಬಿಣದ ಬಳೆ. ತೊಡಬಹುದು ಎಂದಲ್ಲ, ತೊಡಲೇಬೇಕು. ದೂರದಿಂದ ನೋಡಿದರೆ ಯಾವ ಜಾತಿಯವಳು ಎಂದು ಗೊತ್ತಾಗಬೇಕು, ಅಷ್ಟೇ ಅದರ ಕೆಲಸ. ಬಟ್ಟೆಯ ಜಾಗದಲ್ಲಿ ಕೂತ ಮಣಿಗಳಿವು. ಕುಪ್ಪಸ ಬಂದರೆ ಮಣಿ ಬೇಡವಾಗುತ್ತದೆ, ಮಣಿ ಹೋದರೆ ಕುಪ್ಪಸ ಬೇಕಾಗುತ್ತದೆ. ಜನ್ಮಿಗಳಿಗೆ, ಅಂದರೆ ಭೂಮಾಲೀಕರಿಗೆ, ಇದು ಚೆನ್ನಾಗಿ ಅರ್ಥವಾಗಿತ್ತು.

ಈ ಜಗಳ ಹೊಸದೂ ಅಲ್ಲ. ದಕ್ಷಿಣ ತಿರುವಾಂಕೂರಿನ ನಾಡಾರ್ ಹೆಂಗಸರು ರವಿಕೆ ತೊಟ್ಟದ್ದಕ್ಕೆ ದಶಕಗಳ ಕಾಲ ಹೊಡೆದಾಟವಾಗಿ, 1859ರಲ್ಲಿ ಮಹಾರಾಜರು ಮೈ ಮುಚ್ಚಿಕೊಳ್ಳಲು ಅನುಮತಿ ಕೊಟ್ಟಿದ್ದರು. ಆದರೆ ಆ ಅನುಮತಿ ಪುಲಯರ ಕೇರಿಯವರೆಗೆ ನಡೆದು ಬರಲಿಲ್ಲ. ಅವರು ತೀರಾ ಇತ್ತೀಚಿನವರೆಗೆ ಗದ್ದೆಯ ಜೊತೆ ಮಾರಾಟವಾಗುತ್ತಿದ್ದವರು. 1836ರ ಎಣಿಕೆಯಲ್ಲಿ ತಿರುವಾಂಕೂರಿನಲ್ಲಿದ್ದ ಗುಲಾಮರ ಸಂಖ್ಯೆ ಒಂದೂವರೆ ಲಕ್ಷಕ್ಕೂ ಹೆಚ್ಚು. 1855ರಲ್ಲಿ ಗುಲಾಮಗಿರಿ ರದ್ದಾಯಿತು. ಕಾಗದದ ಮೇಲೆ ಬಿಡುಗಡೆಯಾದವರಿಗೆ ಗದ್ದೆ ಬಿಟ್ಟರೆ ಹೋಗಲು ಬೇರೆ ಜಾಗವಿರಲಿಲ್ಲ. ಜನ್ಮಿಯ ನೆಲದ ಮೂಲೆಯಲ್ಲೇ ಗುಡಿಸಲು, ಜನ್ಮಿ ಅಳೆದುಕೊಟ್ಟ ಭತ್ತವೇ ಕೂಲಿ.

ಗಾಡಿ, ಬಡಿಗೆ, ಬಾಗಿಲು

ಈ ಪ್ರಕರಣಕ್ಕೆ ಹಿನ್ನೆಲೆ ಬರೆಯುವವರೆಲ್ಲ ಅಯ್ಯನ್‌ಕಾಳಿಯಿಂದ ಶುರುಮಾಡುತ್ತಾರೆ, ನಾನೂ ಹಾಗೇ ಮಾಡಬೇಕಾಗಿದೆ. ಪುಲಯರ ಮುಂದಾಳು ಅವರು, 1863ರಲ್ಲಿ ತಿರುವನಂತಪುರದ ಹತ್ತಿರದ ವೆಂಙಾನೂರಿನಲ್ಲಿ ಹುಟ್ಟಿದವರು. ಓದು ಬರಹ ಬರುತ್ತಿರಲಿಲ್ಲ. 1893ರಲ್ಲಿ ಬಿಲ್ಲುಗಾಡಿ ಎಂಬ ಎತ್ತಿನ ಗಾಡಿಯೊಂದನ್ನು ಕೊಂಡು, ಬಿಳಿ ಪಂಚೆ ಉಟ್ಟು, ತಲೆಗೆ ರುಮಾಲು ಸುತ್ತಿ, ಪುಲಯರು ಕಾಲಿಡಬಾರದ ರಸ್ತೆಯಲ್ಲಿ ಗಾಡಿ ಓಡಿಸಿಕೊಂಡು ಹೋದರು. ಗಾಡಿ, ಪಂಚೆ, ರುಮಾಲು, ರಸ್ತೆ ನಾಲ್ಕೂ ನಿಷೇಧವಿದ್ದವು; ನಾಲ್ಕನ್ನೂ ಒಂದೇ ಸಲಕ್ಕೆ ಮುರಿದರು. ಮುಂದೆ ಬಾಲರಾಮಪುರದ ಬೀದಿಯಲ್ಲಿ ಹೊಡೆದಾಟವಾಯಿತು. ಅವರ ಸುತ್ತ ಇದ್ದ ಹುಡುಗರು ಗರಡಿಯಲ್ಲಿ ಪಳಗಿದವರು, ಏಟಿಗೆ ಏಟು ಕೊಟ್ಟೇ ಬಂದರು. ಮನವಿಪತ್ರ ಹಿಡಿದು ಹೋದ ಸುಧಾರಕರ ಸಾಲಿನಲ್ಲಿ ಇವರನ್ನು ಕೂರಿಸುವಾಗ ನಮ್ಮ ಪಠ್ಯಗಳು ಈ ಬಡಿಗೆಯನ್ನು ಮೆಲ್ಲಗೆ ಬದಿಗಿಡುತ್ತವೆ.

ಧರ್ಮದ ದಾರಿಯೂ ಎದುರಿಗಿತ್ತು, ಒಂದಲ್ಲ ಹಲವು. ಮಿಷನರಿಗಳು ಬಂದು ಬಹಳ ಕಾಲವಾಗಿತ್ತು. ಅವರ ಹತ್ತಿರ ಹೋದವರಿಗೆ ಅಕ್ಷರ ಸಿಗುತ್ತಿತ್ತು. ಆದರೆ ಇಗರ್ಜಿಯೊಳಗೂ ಪುಲಯರ ಕ್ರಿಸ್ತನೇ ಬೇರೆ, ಮೇಲಿನವರೆನಿಸಿಕೊಂಡ ಹಳೆಯ ಸಿರಿಯನ್ ಕ್ರೈಸ್ತರ ಕ್ರಿಸ್ತನೇ ಬೇರೆ. ಅದನ್ನು ಅನುಭವಿಸಿ ಸಿಡಿದೆದ್ದ ಪೊಯ್ಕಯಿಲ್ ಯೋಹನ್ನಾನ್ 1909ರಲ್ಲಿ ಪ್ರತ್ಯಕ್ಷ ರಕ್ಷಾ ದೈವ ಸಭಾ ಎಂಬ ತಮ್ಮದೇ ಪಂಥ ಕಟ್ಟಿದರು. ಗುಲಾಮಗಿರಿಯ ನೆನಪನ್ನೇ ಪ್ರಾರ್ಥನೆಯ ಹಾಡಾಗಿಸಿದ ಪಂಥ ಅದು. ಅಯ್ಯನ್‌ಕಾಳಿ ಮತಾಂತರಕ್ಕೆ ಒಲಿಯಲಿಲ್ಲ. ಸದಾನಂದ ಸ್ವಾಮಿ ಎಂಬ ಸಂನ್ಯಾಸಿಯ ಬ್ರಹ್ಮನಿಷ್ಠಾ ಮಠದ ಜೊತೆ ಕೆಲಕಾಲ ಇದ್ದರು. ಭಜನೆ, ಮೆರವಣಿಗೆಗಳಿಂದ ಕೇರಿಯ ಜನ ಒಂದೆಡೆ ಸೇರುವುದೇನೋ ಆಯಿತು. ಸೇರಿದವರಿಗೆ ಶಾಲೆ, ಕೂಲಿ, ರಸ್ತೆ ಸಿಗಲಿಲ್ಲ. 1907ರಲ್ಲಿ ಅಯ್ಯನ್‌ಕಾಳಿ ಸಾಧುಜನ ಪರಿಪಾಲನ ಸಂಘ ಕಟ್ಟಿದರು. ಹೆಸರಿನಲ್ಲಿ ಯಾವ ಜಾತಿಯೂ ಇಲ್ಲ ಎನ್ನುವುದನ್ನು ಗಮನಿಸಬೇಕು. ಸಾಧುಜನ ಎಂದರೆ ಬಡವರು, ಏನೂ ಇಲ್ಲದವರು.

ಸಂಘದ ಬೇಡಿಕೆಗಳಲ್ಲಿ ನನಗೆ ಹಿಡಿಸುವುದು ವಾರಕ್ಕೆ ಒಂದು ದಿನ ರಜೆ ಎಂಬುದು. ಭಾನುವಾರ ಗದ್ದೆಗೆ ಇಳಿಯುವುದಿಲ್ಲ, ಅಂದು ಸಂಘದ ಸಭೆ. ಗುಲಾಮನಿಗೆ ರಜೆ ಇರುವುದಿಲ್ಲ, ಕೂಲಿಯವನಿಗೆ ಇರುತ್ತದೆ. ಅರ್ಧ ಶತಮಾನದ ಹಿಂದೆ ಕಾಗದದಲ್ಲಿ ಆಗಿದ್ದ ಬಿಡುಗಡೆಯನ್ನು ಈ ಒಂದು ರಜೆ ಕೇಳಿ ವಸೂಲು ಮಾಡಿತು. ವೆಂಙಾನೂರಿನಲ್ಲಿ ಸಂಘ ತನ್ನದೇ ನ್ಯಾಯಕಟ್ಟೆ ನಡೆಸಿ ಕೇರಿಯೊಳಗಿನ ತಂಟೆ ತಕರಾರುಗಳನ್ನು ತೀರಿಸುತ್ತಿತ್ತು. ಕುಡಿತ, ಶುಚಿ, ಉಡುಪು ಎಲ್ಲದರ ಮೇಲೂ ಅದರ ಕಣ್ಣಿತ್ತು.

ಶಾಲೆಯ ಕತೆ ಇದಕ್ಕಿಂತ ಕಹಿ. ಸರ್ಕಾರ ಪುಲಯ ಮಕ್ಕಳನ್ನು ಸೇರಿಸಿಕೊಳ್ಳಿ ಎಂದು ಆದೇಶ ಮಾಡಿತು. ಮೇಷ್ಟ್ರುಗಳು, ಊರ ದೊಡ್ಡವರು ಬಾಗಿಲು ಹಾಕಿದರು. ಊರೂಟ್ಟಂಬಲಂ ಎಂಬ ಊರಿನ ಶಾಲೆಗೆ ಅಯ್ಯನ್‌ಕಾಳಿ ಪಂಚಮಿ ಎಂಬ ಹುಡುಗಿಯನ್ನು ಕೈ ಹಿಡಿದು ಕರೆದೊಯ್ದಾಗ ಶಾಲೆಗೇ ಬೆಂಕಿ ಇಟ್ಟರು. ಈಗ ಆ ಶಾಲೆಗೆ ಅಯ್ಯನ್‌ಕಾಳಿ ಮತ್ತು ಪಂಚಮಿ ಇಬ್ಬರ ಹೆಸರನ್ನೂ ಇಟ್ಟಿದ್ದಾರೆ. ಬಾಗಿಲು ತೆರೆಯದಿದ್ದರೆ ಗದ್ದೆಗೆ ಇಳಿಯುವುದಿಲ್ಲ ಎಂದು ಸಂಘ ಮುಷ್ಕರ ಹೂಡಿತು. ನಾಟಿ ನಿಂತಿತು, ಗದ್ದೆಗಳಲ್ಲಿ ಕಳೆ ಎದ್ದಿತು. ಕೆಸರಿಗಿಳಿದು ಗೊತ್ತಿಲ್ಲದ ಜನ್ಮಿಗಳು ತಾವೇ ನಾಟಿಗೆ ಇಳಿದು ನೋಡಿದರಂತೆ, ಆಗಲಿಲ್ಲ. ಇತ್ತ ಕೇರಿಯಲ್ಲಿ ಹಸಿವು. ಆಗ ವಿಳಿಂಞಂನ ಮೀನುಗಾರರ ಜೊತೆ ಅಯ್ಯನ್‌ಕಾಳಿ ಮಾತಾಡಿಕೊಂಡರು: ಒಂದೊಂದು ದೋಣಿಯವರು ಒಬ್ಬೊಬ್ಬ ಪುಲಯನನ್ನು ಜೊತೆಗೆ ಸೇರಿಸಿಕೊಂಡು ಪಾಲು ಕೊಡುವುದು ಎಂದು. ಕಡಲು ಅನ್ನ ಹಾಕಿತು, ಮುಷ್ಕರ ಮುರಿಯಲಿಲ್ಲ. ಕೊನೆಗೆ ಕಂಡಲ ನಾಗಂ ಪಿಳ್ಳೆ ಎಂಬ ಮ್ಯಾಜಿಸ್ಟ್ರೇಟರ ಮಧ್ಯಸ್ಥಿಕೆಯಲ್ಲಿ ರಾಜಿಯಾಯಿತು. ಈ ನಡುವೆ, 1911ರ ಕೊನೆಗೆ, ಅಯ್ಯನ್‌ಕಾಳಿ ಶ್ರೀಮೂಲಂ ಪ್ರಜಾಸಭೆಗೆ ನಾಮನಿರ್ದೇಶನಗೊಂಡರು. ನಮ್ಮ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯಂಥದೇ ಸಭೆ ಅದು. ಓದು ಬಾರದ ಪುಲಯನೊಬ್ಬ ದಿವಾನರ ಎದುರು ಎದ್ದು ನಿಂತು ನೆಲ ಕೊಡಿ, ಶಾಲೆ ಕೊಡಿ ಎಂದು ಕೇಳುವ ಕಾಲ ಬಂದಿತ್ತು.

ಅಷ್ಟರಲ್ಲಿ ಸಂಘ ತೆಂಕಣ ಊರುಗಳಿಂದ ಬಡಗಣಕ್ಕೆ ಹಬ್ಬುತ್ತಿತ್ತು. ಹಬ್ಬಿದ ಕಡೆಯೆಲ್ಲ ಅದು ಹೇಳುತ್ತಿದ್ದ ಮಾತುಗಳಲ್ಲಿ ಒಂದು: ಕಲ್ಲುಮಾಲೆ ತೆಗೆಯಿರಿ, ಕುಪ್ಪಸ ತೊಡಿರಿ.

ಪೆರಿನಾಡಿನಲ್ಲಿ ಆದದ್ದು

ಕೊಲ್ಲಂ ಸೀಮೆಯಲ್ಲಿ ಸಂಘದ ಕೆಲಸ ನೋಡುತ್ತಿದ್ದವರು ಗೋಪಾಲದಾಸನ್. ಅವರ ಮಾತು ಕೇಳಿ ಅಲ್ಲಲ್ಲಿ ಹೆಂಗಸರು ಸರ ತೆಗೆಯತೊಡಗಿದರು. ತೆಗೆದವರನ್ನು ದಾರಿಯಲ್ಲಿ ಅಡ್ಡಗಟ್ಟಿ ಕುಪ್ಪಸ ಹರಿದರು. 1915ರ ಅಕ್ಟೋಬರ್ 24ರಂದು ಪೆರಿನಾಡಿನ ಚೆರುಮೂಡು ಎಂಬಲ್ಲಿ ಸಂಘದ ಸಭೆ. ಗೋಪಾಲದಾಸನ್ ವೇದಿಕೆಯಲ್ಲಿದ್ದರು. ಸಭೆ ನಡೆಯುತ್ತಿರುವಾಗಲೇ ಜನ್ಮಿಗಳ ಕಡೆಯ ಗುಂಪು ನುಗ್ಗಿ ಬಡಿಯತೊಡಗಿತು. ಕೂತವರು ಎದ್ದು ತಿರುಗಿ ಬಡಿದರು. ಗುಂಪಿನ ಮುಂದಾಳುಗಳ ಮನೆಗೆ ಬೆಂಕಿ ಬಿತ್ತು. ಅದಾದ ಮೇಲೆ ಪುಲಯರ ಗುಡಿಸಲುಗಳಿಗೆ ಬಿದ್ದ ಬೆಂಕಿಗೆ ಲೆಕ್ಕವಿಲ್ಲ. ಪೆರಿನಾಡಿನಿಂದ ಸುತ್ತಲಿನ ಊರುಗಳಿಗೆ ದಿನದಿಂದ ದಿನಕ್ಕೆ ಹರಡಿತು. ತೆಂಗಿನ ಗರಿಯ ಗುಡಿಸಲು ಉರಿಯಲು ಎಷ್ಟು ಹೊತ್ತು ಬೇಕು? ಜನ ಮಕ್ಕಳು ಮರಿಗಳನ್ನು ಎತ್ತಿಕೊಂಡು ಊರು ಬಿಟ್ಟರು, ಬಹಳಷ್ಟು ಮಂದಿ ಕೊಲ್ಲಂ ಪೇಟೆ ಸೇರಿದರು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಪುಲಯರು ಅಂದು ಯಾರ ಗದ್ದೆಗೂ ನುಗ್ಗಿರಲಿಲ್ಲ, ಯಾವ ದೇವಸ್ಥಾನದ ಬಾಗಿಲನ್ನೂ ತಟ್ಟಿರಲಿಲ್ಲ. ರಸ್ತೆಯಾದರೆ ಇತರರೂ ನಡೆಯುವ ರಸ್ತೆ, ಶಾಲೆಯಾದರೆ ಇತರರ ಮಕ್ಕಳೂ ಕೂರುವ ಶಾಲೆ. ಅಲ್ಲಿ ಮೇಲಿನವರಿಗೆ ‘ನಮ್ಮದಕ್ಕೆ ಬಂದರು’ ಎಂಬ ನೆಪವಾದರೂ ಸಿಗುತ್ತದೆ. ತನ್ನ ಕೊರಳಿನ ಸರವನ್ನು ತಾನು ತೆಗೆದರೆ ಹೋಗುವುದು ಯಾರ ಗಂಟು? ಪೆರಿನಾಡಿನ ಬೆಂಕಿ ಈ ಪ್ರಶ್ನೆಗೆ ಉತ್ತರ ಕೊಟ್ಟಿತು. ಆ ಕೊರಳು ಅವಳದಾಗಿರಲಿಲ್ಲ. 1855ರ ಆದೇಶದಲ್ಲಿ ಮಾರುವ, ಕೊಳ್ಳುವ ಹಕ್ಕು ಹೋಗಿತ್ತೇ ಹೊರತು ಮೈಯ ಮೇಲಿನ ಗುರುತು ಜನ್ಮಿಯದಾಗಿಯೇ ಉಳಿದಿತ್ತು. ದನಕ್ಕೆ ಹಾಕಿದ ಬರೆಯನ್ನು ದನವೇ ಅಳಿಸಿಕೊಂಡರೆ ಯಜಮಾನನಿಗೆ ಹೇಗಾದೀತೋ, ಆ ಸಿಟ್ಟು ಅದು.

ಡೇರೆಯೊಳಗೆ

ಸುದ್ದಿ ತಿಳಿದು ಅಯ್ಯನ್‌ಕಾಳಿ ಕೊಲ್ಲಂಗೆ ಬಂದರು. ಮೊದಲು ಹಿಂಸೆ ನಿಲ್ಲಬೇಕಿತ್ತು, ಓಡಿಬಂದವರು ಊರಿಗೆ ಮರಳಬೇಕಿತ್ತು. ಆದರೆ ಯಾವ ವಿಷಯಕ್ಕೆ ಜಗಳವಾಯಿತೋ ಅದನ್ನು ಬಿಟ್ಟುಕೊಟ್ಟು ರಾಜಿಯಾಗುವ ಮನಸ್ಸು ಅವರಿಗಿರಲಿಲ್ಲ. ಪೀರಂಗಿ ಮೈದಾನದ ಸಭೆ ಹುಟ್ಟಿದ್ದು ಹೀಗೆ. ಪುಲಯರು ಸೇರಲು ಚಪ್ಪರವನ್ನಾಗಲಿ ಸಭಾಂಗಣವನ್ನಾಗಲಿ ಯಾರು ಕೊಟ್ಟಾರು? ಸರ್ಕಸ್ ಡೇರೆ ಸಿಕ್ಕಿತು. ಎರಡು ವರ್ಷ ಹಿಂದೆ, 1913ರಲ್ಲಿ, ಕೊಚ್ಚಿಯ ಪುಲಯರಿಗೆ ನೆಲದ ಮೇಲೆ ಸಭೆ ಸೇರಲು ಜಾಗವಿಲ್ಲದೆ ಹಿನ್ನೀರಿನಲ್ಲಿ ದೋಣಿಗಳನ್ನು ಒಂದಕ್ಕೊಂದು ಕಟ್ಟಿ ಅದರ ಮೇಲೆ ಸಭೆ ನಡೆಸಿದ್ದರು. ಅಲ್ಲಿ ನೀರು ಯಾವ ಜನ್ಮಿಯದೂ ಆಗಿರಲಿಲ್ಲ, ಇಲ್ಲಿ ಡೇರೆ ಇಂದು ಇದ್ದು ನಾಳೆ ಎದ್ದುಹೋಗುವಂಥದು.

ಅಧ್ಯಕ್ಷತೆಗೆ ಚಂಗನಾಶ್ಶೇರಿ ಪರಮೇಶ್ವರನ್ ಪಿಳ್ಳೆ ಒಪ್ಪಿದರು. ನಾಯರ್ ಸಮುದಾಯದ ದೊಡ್ಡ ಮುಖಂಡರು, ಸುಧಾರಣೆಯ ಪರ ಇದ್ದವರು. ಅವರನ್ನು ಕೂರಿಸಿದ್ದು ಅಯ್ಯನ್‌ಕಾಳಿಯ ಲೆಕ್ಕಾಚಾರ ಎಂದೇ ನನ್ನ ಅಂದಾಜು. ಸಮಾಧಾನದ ಮಾತುಗಳಾದವು. ಆಮೇಲೆ ಅಯ್ಯನ್‌ಕಾಳಿ ಎದ್ದರು. ಅವರ ಮಾತಿನ ಸಾರ ಇಷ್ಟು: ತೆಂಕಣ ತಿರುವಾಂಕೂರಿನ ನಮ್ಮ ಹೆಂಗಸರು ಈ ಸರವನ್ನು ಆಗಲೇ ತೊರೆದಿದ್ದಾರೆ, ಇಲ್ಲಿ ತೊರೆಯಲು ಹೋಗಿಯೇ ಇಷ್ಟೆಲ್ಲ ಆಯಿತು, ಸಭೆಯಲ್ಲಿರುವ ದೊಡ್ಡವರೆಲ್ಲ ಒಪ್ಪುವುದಾದರೆ ಇಲ್ಲಿ, ಈಗಲೇ ಇವರು ಇದನ್ನು ಕಿತ್ತು ಹಾಕುತ್ತಾರೆ. ಅಧ್ಯಕ್ಷರು ಒಪ್ಪಿದರು. ಸಭೆಯ ಚಪ್ಪಾಳೆಯ ನಡುವೆ ಇಬ್ಬರು ಹೆಂಗಸರು ವೇದಿಕೆಗೆ ಬಂದರು. ಆತ್ಮರಕ್ಷಣೆಗೆಂದು ತಂದ ಕುಡುಗೋಲು ಆಗ ಕೆಲಸಕ್ಕೆ ಬಂತು. ಅವರ ಹಿಂದೆ ಉಳಿದವರು ಸಾಲಾಗಿ ಬಂದರು. ಹುಟ್ಟಿದಂದಿನಿಂದ ಕೊರಳಿಗೆ ಅಂಟಿದ ಸರ. ಬಿಚ್ಚಲು ಗಂಟು ಹುಡುಕುತ್ತ ಕೂರುವ ವ್ಯವಧಾನ ಯಾರಿಗಿತ್ತು, ದಾರಕ್ಕೆ ಕುಡುಗೋಲಿನ ಬಾಯಿ ಕೊಟ್ಟು ಎಳೆದರು.

‘ಒಪ್ಪುವುದಾದರೆ’ ಎಂಬ ಆ ಮಾತು ಇಂದು ಓದುವವರಿಗೆ ಚುಚ್ಚುತ್ತದೆ. ತನ್ನ ಕೊರಳ ಸರ ತೆಗೆಯಲು ನಾಯರ್ ಅಧ್ಯಕ್ಷರ ಒಪ್ಪಿಗೆ ಯಾಕೆ ಬೇಕು? ರಸ್ತೆಗೆ ಗಾಡಿ ನುಗ್ಗಿಸಿದ ಮನುಷ್ಯ ಇಲ್ಲಿ ಕೈಮುಗಿದರೇ? ನನಗೆ ಹಾಗನ್ನಿಸುವುದಿಲ್ಲ. ಆ ಸಭೆ ಮುಗಿದ ಮೇಲೆ ಈ ಹೆಂಗಸರು ಬರಿಗೊರಳಲ್ಲಿ ನಡೆದು ಅದೇ ಪೆರಿನಾಡಿಗೆ, ಅದೇ ಜನ್ಮಿಯ ನೆಲಕ್ಕೆ ಮರಳಬೇಕಿತ್ತು. ಅಲ್ಲಿ ಯಾರಾದರೂ ತಡೆದು ಕೇಳಿದರೆ ಹೇಳಲು ಅವರ ಕೈಯಲ್ಲಿ ಒಂದು ಮಾತು ಇರಬೇಕಿತ್ತು: ನಿಮ್ಮವರೇ ದೊಡ್ಡವರು ನೋಡುತ್ತಿದ್ದಂತೆ ತೆಗೆದದ್ದು. ಒಪ್ಪಿಗೆ ಕೇಳಿದ ರೀತಿಯೂ ಜಾಣತನದ್ದು. ಪರಿಶೀಲಿಸಿ ಹೇಳುತ್ತೇವೆ ಎನ್ನಲು ಎಡೆಯೇ ಇರಲಿಲ್ಲ. ಸಾವಿರಾರು ಜನರ ಎದುರು, ಎರಡು ತಿಂಗಳ ಬೂದಿಯ ಮೇಲೆ ಕೂತು, ಸುಧಾರಕ ಎನಿಸಿಕೊಂಡ ಮನುಷ್ಯ ಬೇಡ ಎಂದು ಹೇಳಲು ಹೇಗೆ ಸಾಧ್ಯ? ಪರಮೇಶ್ವರನ್ ಪಿಳ್ಳೆಯವರಿಗೂ ಸಲ್ಲಬೇಕಾದ ಮಾನ ಸಲ್ಲಬೇಕು; ತಮ್ಮ ಜಾತಿಯವರ ಸಿಟ್ಟನ್ನು ಎದುರು ಹಾಕಿಕೊಂಡು ಆ ಕುರ್ಚಿಯಲ್ಲಿ ಕೂತರು.

ವೇದಿಕೆಗೆ ಮೊದಲು ಬಂದ ಆ ಇಬ್ಬರು ಯಾರು? ಈ ಕತೆ ಹೇಳುವವರು ಅಧ್ಯಕ್ಷರ ಹೆಸರು ಹೇಳುತ್ತಾರೆ, ವಕೀಲರ ಹೆಸರು ಹೇಳುತ್ತಾರೆ. ಇವರು ‘ಇಬ್ಬರು ಹೆಂಗಸರು’ ಎಂದೇ ಬರುತ್ತಾರೆ. ಸಮರ ನಡೆದದ್ದು ಅವರ ಕೊರಳಲ್ಲಿ.

ವಕೀಲರ ಫೀಸು

ಸರ ಹೋಯಿತು, ಕೇಸು ಉಳಿಯಿತು. ದಂಗೆಯ ಹೆಸರಿನಲ್ಲಿ ಪುಲಯರ ಮೇಲೆ ಮೊಕದ್ದಮೆಗಳು ಬಿದ್ದಿದ್ದವು. ಮನೆ ಸುಟ್ಟುಕೊಂಡವರೇ ಕಟಕಟೆಯಲ್ಲಿ ನಿಂತಿದ್ದರು. ಹಣ ಎಂಬುದನ್ನು ಅವರು ಕಂಡದ್ದೇ ಕಡಿಮೆ, ಕೂಲಿ ಭತ್ತದಲ್ಲಿ ಬರುತ್ತಿತ್ತು. ಕೊಲ್ಲಂನಲ್ಲಿ ಇವರ ಪರ ನಿಂತ ವಕೀಲರಾಗಿ ಟಿ. ಎಂ. ವರ್ಗೀಸ್, ಇಲಂಜಿಕ್ಕಲ್ ಜಾನ್ ಅವರ ಹೆಸರುಗಳು ಬರುತ್ತವೆ. ವರ್ಗೀಸ್ ಮುಂದೆ ತಿರುವಾಂಕೂರಿನ ಜವಾಬ್ದಾರಿ ಸರ್ಕಾರದ ಹೋರಾಟದಲ್ಲಿ ದೊಡ್ಡ ಹೆಸರು ಮಾಡಿದವರು. ಫೀಸಿಗೆ ಬದಲಾಗಿ ಪುಲಯರು ಒಂದು ಕೊಳ ತೋಡಿಕೊಟ್ಟರು. ಕಮ್ಮಾನ್‌ಕುಳಂ ಎಂದು ಅದಕ್ಕೆ ಹೆಸರು. ಕುಳಂ ಎಂದರೆ ಮಲಯಾಳದಲ್ಲಿ ಕೊಳ.

ನನಗೆ ಇಡೀ ಪ್ರಕರಣದ ಒಳಗುಟ್ಟು ಈ ಕೊಳದಲ್ಲಿದೆ. ಸಂಘದವರ ಹತ್ತಿರ ಇದ್ದದ್ದು ಮೈಯ ಕಸುವು ಒಂದೇ. ಶಾಲೆ ಬೇಕಾದಾಗ ಅದನ್ನು ತಡೆಹಿಡಿದರು, ಗದ್ದೆ ಕಳೆಯಾಯಿತು. ನ್ಯಾಯ ಬೇಕಾದಾಗ ಅದನ್ನೇ ಅಳೆದುಕೊಟ್ಟರು, ಕೊಳವಾಯಿತು. ಜನ್ಮಿಗೆ ಬಿಟ್ಟಿ ಸಿಗುತ್ತಿದ್ದ ದುಡಿಮೆಗೆ ತಾವೇ ಬೆಲೆ ಕಟ್ಟಿ, ಎಲ್ಲಿ ಕೊಡಬೇಕು, ಎಲ್ಲಿ ಕೊಡಬಾರದು ಎಂದು ತಾವೇ ತೀರ್ಮಾನಿಸಿದರು.

ನಮ್ಮ ಕರಾವಳಿಯವರಿಗೆ ಈ ಕಾಲದ ಸುಧಾರಣೆ ಎಂದರೆ ಥಟ್ಟನೆ ನೆನಪಾಗುವುದು ಕುದ್ಮುಲ್ ರಂಗರಾಯರು. ಅವರು 1897ರಲ್ಲಿ ಮಂಗಳೂರಿನಲ್ಲಿ ದೀನದಲಿತರಿಗಾಗಿ ಮಿಷನ್ ಕಟ್ಟಿ, ಶಾಲೆ ತೆರೆದು, ತಮ್ಮ ಜಾತಿಯವರಿಂದ ಬಹಿಷ್ಕಾರ ಉಂಡವರು. ಅವರ ತ್ಯಾಗ ದೊಡ್ಡದು. ಆದರೆ ಅಲ್ಲಿ ಮೇಲಿನಿಂದ ಒಂದು ಕೈ ಕೆಳಗೆ ಚಾಚಿತ್ತು, ಕೊಲ್ಲಂನಲ್ಲಿ ಕೆಳಗಿನವರೇ ಮೇಲಿನವರನ್ನು ತಮ್ಮ ಸಭೆಗೆ ಕರೆಸಿಕೊಂಡರು. ಎರಡನ್ನೂ ‘ದಲಿತೋದ್ಧಾರ’ ಎಂಬ ಒಂದೇ ಬುಟ್ಟಿಗೆ ಹಾಕಿದರೆ ಈ ವ್ಯತ್ಯಾಸ ಮರೆಯಾಗುತ್ತದೆ. ಇನ್ನು ಗುರುತಿನ ವಿಷಯಕ್ಕೆ ಬಂದರೆ ನಾವು ಕೇರಳದತ್ತ ಬೆರಳು ತೋರುವಂತಿಲ್ಲ. ಕೊರಗ ಹೆಂಗಸರು ಸೊಂಟಕ್ಕೆ ಸೊಪ್ಪು ಕಟ್ಟಿಕೊಳ್ಳಬೇಕಾಗಿದ್ದ ನೆಲ ನಮ್ಮದು. ಕೊರಗರನ್ನು ಹೀನವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ಕಾನೂನು ಮಾಡಿ ನಿಷೇಧಿಸುವ ಹೊತ್ತಿಗೆ 2000ನೇ ಇಸವಿ ಬಂದಿತ್ತು.

ಪೆರಿನಾಡಿನಲ್ಲಿ ಎಲ್ಲವೂ ಗೆದ್ದಿತು ಎನ್ನಲಾಗದು. ಗುರುತು ಹೋಯಿತು, ನೆಲ ಬರಲಿಲ್ಲ. ಜನ್ಮಿಯ ಮೂಲೆಯ ಗುಡಿಸಲಿನಿಂದ ಪುಲಯರು ಬಹುಕಾಲ ಏಳಲಿಲ್ಲ. ದೇವಸ್ಥಾನದ ಬಾಗಿಲು ತೆರೆದದ್ದು 1936ರ ನವೆಂಬರ್ 12ರ ರಾಜಾಜ್ಞೆಯಿಂದ. ಮರುವರ್ಷ ಗಾಂಧೀಜಿ ವೆಂಙಾನೂರಿಗೆ ಬಂದಾಗ ಮುದುಕರಾಗಿದ್ದ ಅಯ್ಯನ್‌ಕಾಳಿ ದೇವಸ್ಥಾನದ ಮಾತು ಹೆಚ್ಚು ಆಡಲಿಲ್ಲ. ಸಾಯುವ ಮೊದಲು ನಮ್ಮವರಲ್ಲಿ ಹತ್ತು ಜನ ಬಿ.ಎ. ಆದದ್ದನ್ನು ನೋಡಬೇಕು ಎಂದರು. 1941ರ ಜೂನ್ 18ರಂದು ತೀರಿಕೊಂಡರು.

ಕೊಲ್ಲಂನಲ್ಲಿ ಕಮ್ಮಾನ್‌ಕುಳಂ ಎಂಬ ಹೆಸರು ಜನರ ಬಾಯಲ್ಲಿ ಉಳಿದಿದೆ. ಫೀಸಿನ ರಸೀದಿ ಅಷ್ಟೇ.